ಒಗಟು, ಒಡಪು, ಗಾದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಜೆಗೆ ಬಂದ ಮೊಮ್ಮಕ್ಕಳಿಗೆ ನಮ್ಮ ಕಾಲದ ಒಗಟುಗಳನ್ನು ಹೇಳಿದರೆ ಅವರಿಗೆ ನಗುವೇ ಬರುವುದಿಲ್ಲ. ಉತ್ತರ ಹೇಳಿದ ಮೇಲೂ ಸುಮ್ಮನೆ ಮುಖ ನೋಡುತ್ತಾರೆ. ಒಗಟುಗಳ ಕಾಲ ಮುಗಿಯಿತೆಂದು ತಿಳಿಯಬೇಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಮುಗಿದಿಲ್ಲ. ದಿನವೂ ಕೈಗೆ ಸಿಗುವ ವಸ್ತುವನ್ನು ಬೇರೇನೋ ಎಂದು ನಂಬಿಸಿ, ಕೊನೆಗೆ ‘ಅಯ್ಯೋ, ಇದೇನಾ!’ ಎನ್ನಿಸಿದಾಗ ಒಗಟಿನ ನಗು ಹುಟ್ಟುತ್ತದೆ. ಆದ್ದರಿಂದ ಕೇಳುವವರು ಆ ವಸ್ತುವನ್ನು ಮೊದಲೇ ಕಂಡಿರಬೇಕು. ‘ಎಲ್ಲರ ಮನೆ ಅಜ್ಜಿಗೆ ಮೈಯೆಲ್ಲಾ ಕಜ್ಜಿ’ ಎಂದಾಗ ಹಿಂದಿನ ಮಕ್ಕಳ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಜರಡಿಯತ್ತ ಹೋಗುತ್ತಿತ್ತು. ಹಿಟ್ಟು ಪೊಟ್ಟಣದಲ್ಲೇ ಬರುವ ಮನೆಯಲ್ಲಿ ಬೆಳೆದ ಮಗುವಿಗೆ ಜರಡಿಯೇ ಗೊತ್ತಿಲ್ಲದಿರುವಾಗ ನಗು ಎಲ್ಲಿಂದ ಬರಬೇಕು? ಅದು ಮಕ್ಕಳ ತಪ್ಪಲ್ಲ, ಒಗಟಿನ ತಪ್ಪೂ ಅಲ್ಲ.

ನಿಮ್ಮೂರಿನಲ್ಲಂತೂ ತೆಂಗಿಗೆ ಬರವಿಲ್ಲ. ‘ಮೂರು ಕಣ್ಣುಂಟು, ಶಿವನಲ್ಲ, ನಾರುಡೆಯುಂಟು, ಋಷಿಯಲ್ಲ, ಹೊಟ್ಟೆ ತುಂಬ ನೀರುಂಟು, ಕೊಡವಲ್ಲ’ ಎಂದು ಕೇಳಿ, ಸಿಪ್ಪೆ ಸುಲಿದ ಕಾಯಿಯೊಂದನ್ನು ಮಕ್ಕಳ ಕೈಗೇ ಕೊಡಿ. ಜುಟ್ಟು ಕಿತ್ತಾಗ ಮೂರು ಕಣ್ಣುಗಳು ಕಾಣುತ್ತವೆ. ಅವುಗಳನ್ನು ಬೆರಳಿನಿಂದ ಒತ್ತಿ ನೋಡಲು ಹೇಳಿ: ಎರಡು ಗಟ್ಟಿಯಾಗಿರುತ್ತವೆ, ಒಂದು ಮಾತ್ರ ಮೆತ್ತಗಿರುತ್ತದೆ, ಮೊಳಕೆ ಹೊರಬರುವುದು ಆ ಮೆತ್ತನೆಯ ಕಣ್ಣಿನಿಂದಲೇ. ಇದೇ ಒಗಟು ಸಂಸ್ಕೃತದ ಸುಭಾಷಿತವೊಂದರಲ್ಲಿಯೂ ಇದೆ. ಅಲ್ಲಿ ‘ಮರದ ತುದಿಯಲ್ಲಿ ವಾಸ, ಆದರೆ ಗರುಡನಲ್ಲ’ ಎಂದು ಮಾತು ಆರಂಭವಾಗುತ್ತದೆ.

ಇನ್ನೊಂದು: ‘ಊಟಕ್ಕೆ ಕುಳಿತವರು ಹನ್ನೆರಡು ಜನ, ಬಡಿಸುವವರು ಇಬ್ಬರು, ಒಬ್ಬನು ಒಬ್ಬರಿಗೆ ಬಡಿಸುವಷ್ಟರಲ್ಲಿ ಇನ್ನೊಬ್ಬನು ಹನ್ನೆರಡೂ ಜನಕ್ಕೆ ಬಡಿಸಿರುತ್ತಾನೆ.’ ಮೊಬೈಲಿನ ಅಂಕಿಗಳಲ್ಲಿ ಹೊತ್ತು ನೋಡುವ ಮಗುವನ್ನು ಗೋಡೆಗಡಿಯಾರದ ಮುಂದೆ ಕೂರಿಸಿ, ದೊಡ್ಡ ಮುಳ್ಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಚಿಕ್ಕ ಮುಳ್ಳು ಒಂದೇ ಮನೆ ಸರಿಯುವುದನ್ನು ತೋರಿಸಿದರೆ, ಪಂಕ್ತಿಯ ಊಟವನ್ನು ಕಂಡ ಯಾವ ಮಗುವೂ ನಗದೆ ಇರುವುದಿಲ್ಲ. ಈರುಳ್ಳಿಗಂತೂ ಯಾವ ವಿವರಣೆಯೂ ಬೇಡ: ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು.’

ಒಂದು ವಿನಂತಿ: ಉತ್ತರವನ್ನು ಬೇಗ ಬಿಟ್ಟುಕೊಡಬೇಡಿ. ಕನಕದಾಸರ ಮುಂಡಿಗೆಗಳನ್ನು, ಎಂದರೆ ಒಗಟಿನಂಥ ಹಾಡುಗಳನ್ನು, ಬಿಡಿಸಲು ವಿದ್ವಾಂಸರೇ ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಮಕ್ಕಳು ಒಂದು ರಾತ್ರಿ ಯೋಚಿಸಲಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಗಂಡನ ಮನೆ ಧಾರವಾಡದ ಕಡೆಯದು. ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುತ್ತಾರೆಂದು ಕೇಳಿದ್ದೇನೆ. ಹಾಗೆಂದರೇನು?
– ಓದುಗರೊಬ್ಬರು, ಮೈಸೂರು

ಉತ್ತರ: ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆ ಇದ್ದ ಕಾಲದಲ್ಲಿ, ಆ ಹೆಸರನ್ನು ಪ್ರಾಸದ ನಡುವೆ ಅಡಗಿಸಿ ಹೇಳುವ ಅವಕಾಶವನ್ನು ಹೆಣ್ಣುಮಕ್ಕಳು ಒಡಪಿನ ಮೂಲಕ ತಾವೇ ಮಾಡಿಕೊಂಡರು. ಉತ್ತರ ಕರ್ನಾಟಕದಲ್ಲಿ ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಇದನ್ನು ಹೇಳಿಸುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ ಇದನ್ನೇ ಉಖಾಣೆ ಎನ್ನುತ್ತಾರೆ. ಹೆದರುವ ಕಾರಣವಿಲ್ಲ, ನೀವೇ ಎರಡು ಸಾಲು ಕಟ್ಟಬಹುದು. ವರನ ಹೆಸರು ಬಸವರಾಜ ಎಂದಿಟ್ಟುಕೊಳ್ಳಿ:

ಹಸಿರು ಬಾಳಿ ಎಲಿ ಮ್ಯಾಲ ಹೋಳಿಗಿ ತುಪ್ಪ,
ಬಸವರಾಜರ ಹೆಸರು ಹೇಳತೀನಿ, ದಾರಿ ಬಿಡ್ರೆಪ್ಪ.

ಮೈಸೂರಿನವರಾದ ನಿಮ್ಮ ಬಾಯಲ್ಲಿ ಧಾರವಾಡದ ಮಾತು ಕೇಳಿದರೆ ಬೀಗರಿಗೆ ಖಂಡಿತ ಸಂತೋಷವಾಗುತ್ತದೆ. ಒಂದನ್ನಲ್ಲ, ಎರಡನ್ನು ಸಿದ್ಧಮಾಡಿಕೊಳ್ಳಿ. ‘ಇನ್ನೊಂದು ಹೇಳು’ ಎನ್ನದೆ ಯಾವ ನಾದಿನಿಯೂ ದಾರಿ ಬಿಡುವುದಿಲ್ಲ.

ಪ್ರಶ್ನೆ: ಶಾಲೆಯ ಕಾರ್ಯಕ್ರಮಕ್ಕೆ ಹಾಸ್ಯದ ಗಾದೆಗಳನ್ನು ಆರಿಸುತ್ತಿದ್ದೇನೆ. ಕೆಲವನ್ನು ಮಕ್ಕಳ ಬಾಯಲ್ಲಿ ಹೇಳಿಸಲು ಮನಸ್ಸು ಒಪ್ಪುವುದಿಲ್ಲ. ಏನು ಮಾಡಲಿ?
– ಶಿಕ್ಷಕಿಯೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಜಾತಿಯನ್ನು ಹಳಿಯುವ, ಕುರುಡು ಕುಂಟುಗಳನ್ನು ಆಡಿಕೊಳ್ಳುವ ಗಾದೆಗಳು ಎಷ್ಟೇ ಹಳೆಯವಾಗಿದ್ದರೂ ಬಿಟ್ಟುಬಿಡಿ. ನಿಮ್ಮ ಸಭೆಯಲ್ಲೇ ಯಾರಿಗಾದರೂ ಅವು ನೋವು ಕೊಡಬಹುದು. ಮನುಷ್ಯರ ನಡತೆಯನ್ನು ಕಂಡು ನಗುವ ಗಾದೆಗಳೇ ಬೇಕಾದಷ್ಟಿವೆ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’, ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ’, ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಇವನ್ನು ಬರೀ ಹೇಳಿಸುವ ಬದಲು ಅಭಿನಯಿಸಿ ತೋರಿಸಲಿ. ಮಕ್ಕಳು ಮಾತಿಲ್ಲದೆ ನಟಿಸಿ, ಗಾದೆ ಯಾವುದೆಂದು ಸಭೆಯವರೇ ಗುರುತಿಸುವಂತೆ ಮಾಡಿದರೆ ಪೋಷಕರೂ ಆಟದಲ್ಲಿ ಸೇರುತ್ತಾರೆ. ಕೊಡೆ ಹಿಡಿಯುವ ಪಾತ್ರಕ್ಕೆ ತರಗತಿಯ ಅತ್ಯಂತ ಸಂಕೋಚದ ಹುಡುಗನನ್ನು ಕೇಳಿ ನೋಡಿ; ಮಾತಿಲ್ಲದ ಪಾತ್ರವಾದ್ದರಿಂದ ಅವನು ಒಪ್ಪುವ ಸಂಭವವೇ ಹೆಚ್ಚು.