ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಶುಗರ್ ಇದೆ. ವಾರದಿಂದ ಕಿವಿ ನೋವಿತ್ತು, ಸೋರುತ್ತಿತ್ತು. ಒಂದು ಸಂಜೆ ಚಳಿಜ್ವರ, ವಿಪರೀತ ತಲೆನೋವು ಶುರುವಾಯಿತು. ಬೆಳಗಾಗುವಷ್ಟರಲ್ಲಿ ಏನೇನೋ ಬಡಬಡಿಸತೊಡಗಿದರು. ಆಸ್ಪತ್ರೆಯಲ್ಲಿ ಮೊದಲು ಇಂಜೆಕ್ಷನ್ ಕೊಟ್ಟರು, ತಲೆಯ ಸ್ಕ್ಯಾನ್ ಮಾಡಿದರು, ಆಮೇಲೆ ಬೆನ್ನಿನಿಂದ ನೀರು ತೆಗೆಯಬೇಕು, ಸಹಿ ಹಾಕಿ ಅಂದರು. ಸೊಂಟ ಬಿದ್ದುಹೋಗುತ್ತೆ ಅಂತ ನೆಂಟರು ಹೆದರಿಸಿದರೂ ಒಪ್ಪಿದೆವು. ನ್ಯುಮೋಕಾಕಸ್ ಮೆನಿಂಜೈಟಿಸ್, ಅಂದರೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಗೆ ಆದ ಸೋಂಕು ಅಂತ ಬಂತು. ಈಗ ಪ್ರಜ್ಞೆ ಬಂದಿದೆ. ಆ ಪರೀಕ್ಷೆ ನಿಜಕ್ಕೂ ಬೇಕಿತ್ತೇ? ಶುಗರ್ ಇರುವವರಿಗೆ ಸ್ಟೀರಾಯ್ಡ್ ಯಾಕೆ? ಮನೆಯ ಮಕ್ಕಳಿಗೆ ಹರಡುತ್ತದೆಯೇ?

ಉತ್ತರ: ಸಹಿ ಹಾಕಿ ಒಳ್ಳೆಯ ಕೆಲಸ ಮಾಡಿದಿರಿ. ಈ ಹೆದರಿಕೆ ನಮ್ಮಲ್ಲಿ ಬಹಳ ಹಳೆಯದು. ಸಹಿಗಾಗಿ ಊರಿಂದ ಹಿರಿಯರು ಬರಲಿ ಅಂತ ಕಾಯುವ ಕುಟುಂಬಗಳನ್ನು ನೋಡಿದಾಗ ಸಂಕಟವಾಗುತ್ತದೆ.

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲ ಅಥವಾ ಎರಡನೇ ಸೊಂಟದ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ನೀರಿನಲ್ಲಿ ತೇಲುವ ನರಗಳಷ್ಟೇ ಇರುತ್ತವೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತರಿಸಿ, ಜಾಗ ಮರಗಟ್ಟಿಸಿ ತೆಗೆಯುತ್ತಾರೆ. ಕೆಲವು ದಿನ ತಲೆನೋವು, ಬೆನ್ನುನೋವು ಬರಬಹುದು. ಕಾಲು ಬಿದ್ದುಹೋಗುವಂಥ ತೊಂದರೆ ತೀರಾ ಅಪರೂಪ.

ಮಿದುಳು, ಬೆನ್ನುಹುರಿಯ ಸುತ್ತ ಇರುವ ಆ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಈ ಸೋಂಕಿನಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಕದಡಿರಬಹುದು. ಬಿಳಿ ರಕ್ತಕಣ ಜಾಸ್ತಿ, ಪ್ರೊಟೀನ್ ಜಾಸ್ತಿ, ಸಕ್ಕರೆ ಕಡಿಮೆ. ಟಿಬಿಯಿಂದಲೂ ಮೆನಿಂಜೈಟಿಸ್ ಬರುತ್ತದೆ. ಅದು ಸಾಮಾನ್ಯವಾಗಿ ನಿಧಾನವಾಗಿ ಬಲಿಯುವ ಕಾಯಿಲೆ, ಮದ್ದು ಬೇರೆ, ತಿಂಗಳುಗಟ್ಟಲೆ ಬೇಕು. ಯಾವುದು ಅಂತ ಸರಿಯಾಗಿ ಹೇಳುವುದು ಈ ನೀರೇ.

ಹಾಗಾದರೆ ಇಂಜೆಕ್ಷನ್ ಮೊದಲೇ ಯಾಕೆ ಅಂತೀರಾ? ನಿಮ್ಮ ತಂದೆಗೆ ಪ್ರಜ್ಞೆ ಮಸುಕಾಗಿತ್ತು. ಮಿದುಳು ತುಂಬಾ ಊದಿಕೊಂಡಿದ್ದರೆ ನೀರು ತೆಗೆಯುವುದು ಅಪಾಯ. ಅದಕ್ಕೇ ಸ್ಕ್ಯಾನ್. ಸ್ಕ್ಯಾನ್ ಆಗುವವರೆಗೆ ಆಂಟಿಬಯೋಟಿಕ್ ಕಾಯಬಾರದು. ರೋಗಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು. ರಕ್ತವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ತೆಗೆದುಕೊಂಡು ಸೆಫ್ಟ್ರಿಯಾಕ್ಸೋನ್, ವ್ಯಾಂಕೊಮೈಸಿನ್ ಶುರು ಮಾಡುತ್ತಾರೆ. 50 ದಾಟಿದವರಿಗೆ ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಭಯವೂ ಇರುವುದರಿಂದ ಆಂಪಿಸಿಲಿನ್ ಸೇರಿಸುತ್ತಾರೆ. ಡೋಸ್ ಹೋದ ಮೇಲೆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು, ಆದರೆ ಕಣ, ಪ್ರೊಟೀನ್, ಸಕ್ಕರೆಯ ಸುಳಿವು ಅಷ್ಟು ಬೇಗ ಅಳಿಯುವುದಿಲ್ಲ.

ಸ್ಟೀರಾಯ್ಡ್ ವಿಷಯ. ಸಾಯುವ ಬ್ಯಾಕ್ಟೀರಿಯಾಗಳಿಂದಲೇ ಉರಿಯೂತ ಇನ್ನಷ್ಟು ಏರುತ್ತದೆ. ಅದನ್ನು ತಗ್ಗಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಮೊದಲ ಆಂಟಿಬಯೋಟಿಕ್ ಜೊತೆಗೆ ಅಥವಾ ಅದಕ್ಕೂ ತುಸು ಮೊದಲು ಕೊಟ್ಟು, ನಾಲ್ಕು ದಿನ ಮುಂದುವರಿಸುತ್ತಾರೆ. ಯುರೋಪಿನಲ್ಲಿ 301 ವಯಸ್ಕರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಪಡೆದವರಲ್ಲಿ ಸಾವು ಶೇ. 15ರಿಂದ 7ಕ್ಕೆ ಇಳಿಯಿತು. ಲಾಭ ಹೆಚ್ಚು ಕಂಡಿದ್ದು ನ್ಯುಮೋಕಾಕಸ್ ಇದ್ದವರಲ್ಲೇ. ಶುಗರ್ ಏರುತ್ತದೆ, ನಿಜ. ನಾಲ್ಕು ದಿನ ಇನ್ಸುಲಿನ್‌ನಿಂದ ನಿಭಾಯಿಸಬಹುದು.

ಹರಡುವ ಭಯದಿಂದ ಮನೆಯ ಮಕ್ಕಳಿಗೆ ಮಾತ್ರೆ ಕೊಡುವುದು ಬೇಡ. ಹತ್ತಿರದವರಿಗೆ ಮುಂಜಾಗ್ರತೆಯ ಮಾತ್ರೆ ಕೊಡುವುದು ಮುಖ್ಯವಾಗಿ ಮೆನಿಂಗೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾದಿಂದ ಆದಾಗ.

ಈಗ ನೀವು ಕೇಳದ ಒಂದು ವಿಷಯ, ನನಗೆ ಇದೇ ಮುಖ್ಯ. ನ್ಯುಮೋಕಾಕಸ್ ಮೆನಿಂಜೈಟಿಸ್ ಆದವರಲ್ಲಿ ಬಹಳ ಜನರಿಗೆ ಕಿವಿ ಮಂದವಾಗುತ್ತದೆ. 'ವಯಸ್ಸಾಯ್ತಲ್ವಾ' ಅಂತ ಮನೆಯವರು ಸುಮ್ನಾಗಿಬಿಡುತ್ತಾರೆ. ಡಿಸ್ಚಾರ್ಜ್‌ಗೆ ಮೊದಲೇ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ) ಮಾಡಿಸಿ ಅಂತ ನೀವೇ ಕೇಳಿ. ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಭಾಗವಾದ ಕಾಕ್ಲಿಯಾ ಕೆಲವರಲ್ಲಿ ವಾರಗಳಲ್ಲೇ ಮೂಳೆಗಟ್ಟತೊಡಗುತ್ತದೆ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲು ಒಳಕಿವಿಯಲ್ಲಿ ಇಡುವ ಸಾಧನ, ಕೂರಿಸುವುದು ಕಷ್ಟ. ಸೋರುತ್ತಿದ್ದ ಆ ಕಿವಿಯನ್ನೂ ಇಎನ್‌ಟಿ ವೈದ್ಯರು ನೋಡಲೇಬೇಕು. ಸೋಂಕು ಅಲ್ಲಿಂದಲೇ ಮೇಲೇರಿರುವ ಸಾಧ್ಯತೆ ಜಾಸ್ತಿ. ಚೇತರಿಸಿಕೊಂಡ ಮೇಲೆ ನ್ಯುಮೋಕಾಕಸ್ ಲಸಿಕೆ ಯಾವಾಗ ಹಾಕಿಸಬೇಕು ಅಂತಲೂ ವೈದ್ಯರನ್ನು ವಿಚಾರಿಸಿ.