ಮಸ್ಟಾಂಗ್‌ಗೆ ಮೊದಲ ಸಾವಿರ ಡಾಲರ್

ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಮಿಶಿಗನ್‌ಗೆ ಬಂದು ಎಂಟು ತಿಂಗಳಾಯಿತು, 2016ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ, ಕೈಯಲ್ಲಿ ಸಾವಿರ ಡಾಲರ್ ಇದೆ, ಶಕ್ತಿ ಹೆಚ್ಚಿಸಲು ಇನ್‌ಟೇಕ್ (ಎಂಜಿನ್‌ಗೆ ಗಾಳಿ ಎಳೆಯುವ ಕೊಳವೆ) ಮೊದಲೋ ಎಕ್ಸಾಸ್ಟ್ (ಹೊಗೆ ಕೊಳವೆ) ಮೊದಲೋ ಅಂತ ಕೇಳಿದ್ದೀಯ. ಎರಡೂ ಅಲ್ಲ. ಮೊದಲು ಟೈರು.

ಬೇಜಾರಾಯಿತು, ಅಲ್ವಾ? ಊರಲ್ಲಿ ಆರ್‌ಎಕ್ಸ್ 100ಗೆ ಸೈಲೆನ್ಸರ್ ಬದಲಾಯಿಸಿ ಇಡೀ ಬೀದಿಗೆ ಕೇಳಿಸಿದವರು ನಾವು. ಇಲ್ಲಿ ಬಂದು ನಾನೂ ಮೊದಲು ಹಾಕಿಸಿದ್ದು ಆಕ್ಸಲ್-ಬ್ಯಾಕ್ ಎಕ್ಸಾಸ್ಟೇ, ಅಂದರೆ ಹಿಂದಿನ ಆಕ್ಸಲ್‌ನಿಂದಾಚೆಗಿನ ಸೈಲೆನ್ಸರ್ ಭಾಗ ಮಾತ್ರ. ಶಬ್ದ ಸೊಗಸಾಗಿತ್ತು. ಕುದುರೆ ಶಕ್ತಿ (ಹಾರ್ಸ್‌ಪವರ್) ಮಾತ್ರ ಒಂದೂ ಜಾಸ್ತಿ ಆಗಲಿಲ್ಲ. ಅದೇ ವರ್ಷ ನವೆಂಬರ್‌ನ ಒಂದು ಬೆಳಿಗ್ಗೆ ಬೇಸಿಗೆ ಟೈರಿನಲ್ಲೇ ಆಫೀಸಿಗೆ ಹೊರಟೆ. ಹಿಮ ಇಲ್ಲ, ಮಳೆ ಇಲ್ಲ, ಬರೀ ಚಳಿ. ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ, ಅಷ್ಟೇ. ಗಾಡಿಯ ಹಿಂಭಾಗ ಗರ್ರನೆ ತಿರುಗಿ ರಸ್ತೆ ಅಂಚಿನ ಕಲ್ಲಿಗೆ ಬಡಿಯಿತು, ರಿಮ್ ಬಿರುಕು ಬಿಟ್ಟಿತು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಬೆಂಗಳೂರಿನಲ್ಲಿ ಬೆಳೆದವನಿಗೆ ಇದು ಹೇಗೆ ಗೊತ್ತಿರಬೇಕು ಹೇಳು?

ನಿನ್ನ ಗಾಡಿಯಲ್ಲಿ 5 ಲೀಟರ್ ವಿ8 ಇದೆ, 435 ಕುದುರೆ ಶಕ್ತಿ. ಬೇಸ್ ಮಾಡೆಲ್ ಆದರೆ ಕಂಪನಿ ಅದಕ್ಕೆ ಹಾಕಿದ್ದು 235 ಮಿಲಿಮೀಟರ್ ಅಗಲದ ಟೈರು. ಇರುವ ಶಕ್ತಿಯೇ ಮೊದಲ ಗೇರಿನಲ್ಲಿ ನೆಲಕ್ಕೆ ಇಳಿಯುವುದಿಲ್ಲ. ಇನ್ನೂ ಹತ್ತು ಕುದುರೆ ಸೇರಿಸಿ ಏನು ಮಾಡುತ್ತೀಯ? ಕಾರ್ ಮೀಟ್‌ನಿಂದ (ಕಾರು ಹುಚ್ಚಿನವರು ಸೇರುವ ಕೂಟದಿಂದ) ಹೊರಟ ಮಸ್ಟಾಂಗ್ ನೇರ ಜನರ ಮೇಲೆ ನುಗ್ಗುತ್ತದೆ ಅನ್ನುವ ಜೋಕು ನೀನೂ ಕೇಳಿರಬೇಕು. ಅದರ ಹಿಂದೆ ಇರುವುದು ತಣ್ಣಗಿನ ಟೈರು ಮತ್ತು ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿದ ಕೈ.

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಬರೆದಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡು. 3217 ಅಂದರೆ 2017ರ 32ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೀರು (ಟ್ರೆಡ್) ಎಷ್ಟೇ ಆಳ ಉಳಿದಿರಲಿ, ಬದಲಾಯಿಸು. ಒಳ್ಳೆಯ ನಾಲ್ಕು ಟೈರಿಗೆ ನಿನ್ನ ಸಾವಿರದಲ್ಲಿ ಮುಕ್ಕಾಲು ಭಾಗ ಹೋಗುತ್ತದೆ. ಚಳಿಗಾಲದ ಟೈರಿಗೆ ಬೇರೆ ದುಡ್ಡು ಕೂಡಿಡು.

ಮಿಕ್ಕ ದುಡ್ಡಿನಲ್ಲಿ ಸಬ್‌ಫ್ರೇಮ್ ಲಾಕ್‌ಔಟ್ ಕಿಟ್. ಸುಮಾರು ನೂರು ಡಾಲರ್. 2015ರಿಂದ ಮಸ್ಟಾಂಗ್‌ಗೆ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್ ಬಂತು, ಅಂದರೆ ಹಿಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಅದನ್ನು ಹೊತ್ತ ಚೌಕಟ್ಟು, ಅಂದರೆ ಸಬ್‌ಫ್ರೇಮಿನ ಬುಷ್‌ಗಳು (ರಬ್ಬರ್ ಜೋಡಣೆಗಳು) ಮೆತ್ತಗಿವೆ. ಜೋರಾಗಿ ಹೊರಟಾಗ ಹಿಂದಿನ ಚಕ್ರ ದಡದಡ ಕುಣಿಯುವುದು ಅದಕ್ಕೇ. ಕಿಟ್ ಆ ಅಲುಗಾಟ ಕಟ್ಟಿಹಾಕುತ್ತದೆ. ಬ್ರೇಕ್ ಫ್ಲೂಯಿಡ್ ಹಳೆಯದಾಗಿದ್ದರೆ ಅದನ್ನೂ ಬದಲಾಯಿಸು, ಹೆಚ್ಚು ಖರ್ಚಿಲ್ಲ.

ನಿಜವಾಗಿ ಶಕ್ತಿ ಕೊಡುವುದು 93 ಆಕ್ಟೇನ್ (ಇಲ್ಲಿನ ಪ್ರೀಮಿಯಂ) ಪೆಟ್ರೋಲಿಗೆ ಮಾಡಿದ ಟ್ಯೂನ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ. ಇನ್‌ಟೇಕ್ ಒಂದನ್ನೇ ಹಾಕಿದರೆ ವ್ಯತ್ಯಾಸ ಕಿವಿಗೆ ಬರುತ್ತದೆ, ಬೆನ್ನಿಗೆ ಬರುವುದಿಲ್ಲ. ಆದರೆ ಮುಂದಿನ ಕೆಲಸ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕರೆ? ಮಿಶಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ. ಅಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಇದೆ, ಹಾಕಿಸಿದ ಇನ್‌ಟೇಕ್‌ಗೂ ಟ್ಯೂನ್‌ಗೂ ಅವರ ಒಪ್ಪಿಗೆ ನಂಬರ್ ಇರಬೇಕು. ನಮ್ಮಂಥ ಎಚ್1ಬಿ ಕೆಲಸದ ವೀಸಾದ ಜನ ಎಲ್ಲಿಗೆ ಹಾರುತ್ತೇವೋ ಯಾರಿಗೆ ಗೊತ್ತು! ಮತ್ತೆ ಹಾಕಬೇಕಾದೀತು, ಹಳೆಯ ಪಾರ್ಟು ಬಿಸಾಡಬೇಡ.

ಇನ್ನೊಂದು ಮಾತು, ಬೈದೆ ಅಂದುಕೊಳ್ಳಬೇಡ. ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ತಕ್ಷಣ ರೇಸ್‌ಗೆ ಇಳಿಯಬೇಡ. ರೆಕ್ಲೆಸ್ ಡ್ರೈವಿಂಗ್ ಇಲ್ಲಿ ಬರೀ ದಂಡ ಕಟ್ಟಿ ಮುಗಿಸುವ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು. ಊರಿಗೆ ಹೋಗಿ ವೀಸಾ ಸ್ಟಾಂಪಿಂಗ್‌ಗೆ ಫಾರ್ಮ್ ತುಂಬುವಾಗ, ಅರೆಸ್ಟ್ ಆಗಿದ್ದೀರಾ, ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ.

ಕಿಟ್ ಹಾಕಲು ಶಾಪಿಗೆ ಹೋಗಬೇಕಿಲ್ಲ. ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ರಿಪೇರಿ ಮಾಡಲು ಬಹಳ ಕಡೆ ಬಿಡುವುದಿಲ್ಲ, ಒಂದು ಶನಿವಾರ ನಮ್ಮ ಗ್ಯಾರೇಜಿಗೇ ಬಾ. ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್ ಎಲ್ಲ ಇದೆ. ಅದಕ್ಕೂ ಮೊದಲು ಟೈರಿನ ಆ ನಾಲ್ಕು ಅಂಕಿಯ ಫೋಟೋ ಕಳಿಸು.