ಅಳಿಯನ ಧೈರ್ಯಕ್ಕೆ ಅತ್ತೆಯ ಜಾಗ ಯಾಕೆ?

ಉಡುಪಿ ಹತ್ತಿರದ ಶಂಕರಪುರ ಕಡೆಯ ಹುಡುಗನ ಪತ್ರ ಓದಿದಾಗಿನಿಂದ ತಲೆಬಿಸಿ. ವಿಷಯ ಇಷ್ಟು: ವಯಸ್ಸು 25. ಅಪ್ಪನ ನಿವೃತ್ತಿ ದುಡ್ಡಿಗೆ ಸಾಲ ಸೇರಿಸಿ, 200 ಗಂಟೆ ವಿಮಾನ ಹಾರಿಸಿ, ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಲೈಸೆನ್ಸ್) ಮುಗಿಸಿದ್ದಾರೆ. ಕೆಲಸ ಸಿಗದೆ ಮನೆಯಲ್ಲಿ ಕೂತು ವರ್ಷದ ಮೇಲಾಯ್ತು. ದುಬೈಯಲ್ಲಿರುವ ಭಾವ ದಿನಾ ಫೋನ್ ಮಾಡಿ, "ಇನ್ನೊಂದು 18 ಲಕ್ಷ ಹಾಕಿ ಏರ್‌ಬಸ್ 320ರ ಟೈಪ್ ರೇಟಿಂಗ್ ಮಾಡಿಬಿಡು, ಕಂಪನಿಯವರೇ ಕರೆದು ಕೆಲಸ ಕೊಡ್ತಾರೆ" ಅಂತಾರಂತೆ. ಟೈಪ್ ರೇಟಿಂಗ್ ಅಂದ್ರೆ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆ. ಮಾಡಲಾ, ಬೇಡ್ವಾ?

ಪತ್ರದ ಕೊನೆಗೆ ಒಂದು ಸಾಲು ಇದೆ. "ಮಲ್ಲಿಗೆ ಗಿಡದ ಜಾಗ ಅಮ್ಮನ ಹೆಸರಲ್ಲಿದೆ, ಅಡವಿಡಲು ಅವರದೇನೂ ತಕರಾರಿಲ್ಲ."

ಅಲ್ಲ ಮಾರಾಯ್ರೆ, ಇಷ್ಟು ದೊಡ್ಡ ಮಾತನ್ನು ಹೀಗೆ ಬಾಲದಲ್ಲಿ ಸಿಕ್ಕಿಸೋದಾ? ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಲ್ಲಿ ಕಟ್ಟಿ, ಇವತ್ತು ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಎಷ್ಟು ರೇಟು ಅಂತ ಕಾಯುವವರು ಅವರು. ನೀವು ಕೆಲಸ ಇಲ್ಲದೆ ಕೂತ ಇಷ್ಟು ದಿನ ಮನೆಯ ಸಾಮಾನು ಬಂದದ್ದೂ ಅದರಲ್ಲೇ ಇರಬೇಕು. ತಕರಾರಿಲ್ಲ ಅಂತ ಅವರೇ ಹೇಳಿದ್ರಾ, ಅಥವಾ ಯಾರೂ ಕೇಳಲೇ ಇಲ್ವಾ? ಮಗನ ವಿಷಯದಲ್ಲಿ ಅಮ್ಮ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯಬೇಡಿ. ಹೆಂಗಸರ ಹೆಸರಿನ ಜಾಗಕ್ಕೆ ಗಂಡಸರು ಕೈ ಹಾಕಬಾರದು ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಓದುಗರಿಗೆ ಬೇಜಾರು ಬಂದಿರಬಹುದು. ಬರಲಿ.

ನಿಮ್ಮ ಸಂಕಟವೂ ಗೊತ್ತಾಗುತ್ತದೆ. ಮದುವೆ ಮನೆಗೆ ಹೋದರೆ "ಎಂತ, ಇನ್ನೂ ಪ್ಲೇನ್ ಸಿಗ್ಲಿಲ್ವಾ" ಅಂತ ಕೇಳುವವರಿಗೆ ನಮ್ಮೂರಲ್ಲಿ ಬರ ಇಲ್ಲ.

ಆದರೆ ಭಾವನ ಬಗ್ಗೆ ನನಗೆ ಒಂಚೂರೂ ಕನಿಕರ ಇಲ್ಲ. 2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನ ಆರ್ಡರ್ ಮಾಡಿದ ಸುದ್ದಿಯನ್ನು ಇವತ್ತಿಗೂ ವಾಟ್ಸಾಪಿನಲ್ಲಿ ಕಳಿಸ್ತಾರಂತೆ. ಸುದ್ದಿ ಸುಳ್ಳಲ್ಲ, ಆದರೆ ಅವು ವರ್ಷಗಟ್ಟಲೆ ಹಿಡಿದು ಸ್ವಲ್ಪ ಸ್ವಲ್ಪವೇ ಬರುವಂಥವು. ಕೊರತೆ ಜಾಸ್ತಿ ಇರುವುದು ಕ್ಯಾಪ್ಟನ್‌ಗಳಿಗೆ, ಅದಕ್ಕೆ ಬೇಕಾದ ಎಟಿಪಿಎಲ್ ಅನ್ನೋ ಮೇಲಿನ ಲೈಸೆನ್ಸ್‌ಗೆ 1500 ಗಂಟೆ ಹಾರಿರಬೇಕು. 200 ಗಂಟೆಯವರ ಸಾಲು ಬೇರೆ, ಅದು ಉದ್ದ ಇದೆ: 2023 ಒಂದರಲ್ಲೇ ವಿಮಾನಯಾನ ನಿಯಂತ್ರಕ ಡಿಜಿಸಿಎ 1622 ಸಿಪಿಎಲ್ ಕೊಟ್ಟಿದೆ. ಭಾವ ಹೇಳುವ ತಿಂಗಳಿಗೆ ಎಂಟು ಲಕ್ಷವೂ ಕ್ಯಾಪ್ಟನ್‌ಗಳ ಸಂಬಳ, ಹೊಸಬರದ್ದಲ್ಲ. ಟೈಪ್ ರೇಟಿಂಗ್ ಆದ ಮೇಲೂ ಕೆಲಸ ಗ್ಯಾರಂಟಿ ಇಲ್ಲ. 320ರದ್ದು ಹಿಡಿದುಕೊಂಡು ಬೋಯಿಂಗ್ 737 ಹಾರಿಸಲು ಬರುವುದಿಲ್ಲ, ಸುಮ್ನೆ ಕೂತರೆ ಅದರ ಅವಧಿಯೂ ಮುಗಿಯುತ್ತದೆ. ಮೇ 2023ರಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತಾಗ ಇದೇ 320 ಹಾರಿಸುತ್ತಿದ್ದ ಅನುಭವಿಗಳೇ ಬೇರೆ ಕೆಲಸ ಹುಡುಕಬೇಕಾಯ್ತು. ಭಾವನಿಗೆ ಅಷ್ಟು ನಂಬಿಕೆ ಇದ್ದರೆ 18 ಲಕ್ಷಕ್ಕೆ ಅವರೇ ಜಾಮೀನು ನಿಲ್ಲಲಿ. ಅಳಿಯನ ಧೈರ್ಯಕ್ಕೆ ಅತ್ತೆಯ ಜಾಗ ಯಾಕೆ?

ಮಾಡಬೇಕಾದ್ದು ಒಂದೇ: ಏರ್‌ಲೈನ್‌ನ ಕೆಲಸದ ಪತ್ರ ಕೈಗೆ ಬರುವವರೆಗೆ ಅಮ್ಮನಿಂದ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ಟೈಪ್ ರೇಟಿಂಗ್ ಇಲ್ಲದ ಸಿಪಿಎಲ್‌ನವರನ್ನೂ ಕಂಪನಿಗಳು ಆಗಾಗ ಕರೆಯುತ್ತವೆ. ಆಯ್ಕೆಯಾದ ಮೇಲೆ ತರಬೇತಿ ಖರ್ಚು ನಿಮ್ಮ ತಲೆಗೇ ಬಂದರೂ ಎದುರಿಗೆ ಕೆಲಸ ಇರುತ್ತದೆ, ಅವತ್ತು ಅಮ್ಮನ ಹತ್ತಿರ ಕೂತು ಕೇಳಿ. ಅಲ್ಲಿಯವರೆಗೆ ಇರುವ ದುಡ್ಡಲ್ಲಿ ಐಆರ್ (ಉಪಕರಣಗಳನ್ನೇ ನೋಡಿ ಹಾರಿಸುವ ಅರ್ಹತೆ) ಮತ್ತು ಕ್ಲಾಸ್ ಒನ್ ಮೆಡಿಕಲ್ (ಪೈಲಟ್‌ಗಳ ಆರೋಗ್ಯ ಪ್ರಮಾಣಪತ್ರ) ಲ್ಯಾಪ್ಸ್ ಆಗದ ಹಾಗೆ ನೋಡಿಕೊಳ್ಳಿ, ಕರೆ ಬಂದ ದಿನ ಅವೆರಡು ಇಲ್ಲದಿದ್ದರೆ ಸರದಿ ಇನ್ನೊಬ್ಬರಿಗೆ ಹೋಗುತ್ತದೆ.